ಉಸಿರುಗಂಡಿ ಮುಚ್ಚಿದ ಪಾತೇಲಿ

ಹಿತ್ತಾಳೆಗೆ ಅಂಟಿ ಸೀದ ಜೋಳದ ಹಿಟ್ಟಿನ ವಾಸನೆ ಎಲ್ಲಿಂದಲೇ ಬರಲಿ, ನಾನು ಹಂಸಭಾವಿಯ ನಮ್ಮ ಅಡುಗೆಮನೆಯ ಹೊಸ್ತಿಲ ಮೇಲೆ ಮತ್ತೆ ಕೂತಿರುತ್ತೇನೆ. ಒಳಗೆ ಒಲೆಯ ಮುಂದೆ, ಮಣೆಯ ಮೇಲೆ ನನ್ನ ಅಜ್ಜಿ. ಹಲ್ಲೆಲ್ಲ ಉದುರಿದ್ದ ಅವಳಿಗೆ ಹುರುಳಿ ಬೆಣ್ಣೆಯಂತೆ ಬೆಂದರೆ ಮಾತ್ರ ಊಟ. ಅದಕ್ಕೆಂದೇ ದಪ್ಪ ಹಿತ್ತಾಳೆ ಪಾತೇಲಿಯ ಮುಚ್ಚಳದ ಸುತ್ತ ಹಿಟ್ಟು ಮೆತ್ತಿ, ಒಂದು ಕಡೆ ಕಿರುಬೆರಳು ಹೋಗುವಷ್ಟು ಗಂಡಿ ಬಿಡುತ್ತಿದ್ದಳು. ‘ಅದಕ್ಕೂ ಉಸರು ಬೇಕಲ್ಲ’ ಎನ್ನುತ್ತಿದ್ದಳು. ಆ ಗಂಡಿಯಲ್ಲಿ ಮುಂಜಾನೆಯೆಲ್ಲ ಹಬೆ ಗೊಣಗುತ್ತಿತ್ತು. ನಿಮ್ಮ ಮನೆಯಲ್ಲೂ ಅಂಥದೊಂದು ಸದ್ದು ಇದ್ದಿರಬೇಕು, ನಿಂತ ಮೇಲೆಯೇ ಕಿವಿಗೆ ಬೀಳುವಂಥದು.

ಯುದ್ಧದ ಕಾಲ. ಧಾರವಾಡದಲ್ಲಿ ಓದುತ್ತಿದ್ದ ಕಾಕಾ, ಅಜ್ಜಿಯ ಕಿರಿಮಗ, ಗೆಳೆಯರೊಡನೆ ನೀಲಗಿರಿ ಬೆಟ್ಟ ನೋಡಿ ರಜೆಗೆ ಬಂದಿದ್ದ. ಅಲ್ಲಿ ನೀರು ಬೇಗ ಕುದಿಯಿತಂತೆ, ಕಾಳು ಮಾತ್ರ ಬೇಯಲಿಲ್ಲವಂತೆ.

‘ಕುದಿಯೋ ನೀರಾಗ ಕಾಳ ಬೇಯಲಿಲ್ಲಂದ್ರ ನಿನ್ನ ಅಡಗೀನ ಹಂಗಿರಬೇಕು!’ ಎಂದಳು ಅಜ್ಜಿ.

‘ಅಲ್ಲಬೇ ಅವ್ವಾ, ಮ್ಯಾಲೆ ಗಾಳಿ ಭಾರ ಕಡಿಮಿ. ನೀರು ಛಲೋತ್ನ್ಯಾಗಿ ಕಾಯೂ ಮೊದಲ ಕುದ್ದಬಿಡತೈತಿ. ಇಲ್ಲಿ ಭಾರ ಹೆಚ್ಚು. ಹಬಿ ಹೊರಗ ಹೋಗದಂಗ ಒತ್ತಿ ಹಿಡದ್ರ ನೀರು ಇನ್ನೂ ಕಾದು, ಕಾಳು ಗಡಾನ ಬೇಯತಾವ.’

ಗಾಳಿಗೂ ಭಾರ! ಅಜ್ಜಿ ಅಂಗೈ ಚಾಚಿ ತೂಗಿ ನೋಡಿದಳು. ನಾನೂ ಚಾಚಿದೆ. ತಲೆಯ ಮೇಲೆ ಆಕಾಶದವರೆಗೂ ಏನೋ ಕೂತಿದೆಯೆಂದು ಮೈ ಜುಮ್ಮೆಂದಿತು.

ಮರುದಿನ ಮುಂಜಾನೆ ಅಜ್ಜಿ ಗಂಡಿಯನ್ನೂ ಹಿಟ್ಟಿನಿಂದ ಮುಚ್ಚಿದಳು. ಮುಚ್ಚಳದ ಮೇಲೆ ಬೀಸುವ ಕಲ್ಲಿನ ಮೇಲಿನ ಹೋಳನ್ನೇ ಹೇರಿ, ‘ನಿಮ್ಮ ಕಾಕಾ ಜಳಕಾ ಮಾಡಿ ಬರೂದ್ರಾಗ ಬೆಂದಿರತೈತಿ ನೋಡು’ ಎಂದು ನನಗೆ ಕಣ್ಣು ಮಿಟುಕಿಸಿದಳು. ಒಲೆ ಧಗಧಗಿಸುತ್ತಿತ್ತು. ಪಾತೇಲಿ ಮಾತ್ರ ಗೊಣಗಲಿಲ್ಲ. ತಲೆ ಒರೆಸುತ್ತ ಬಂದ ಕಾಕಾ ಆ ಕಲ್ಲನ್ನು ಕಂಡದ್ದೇ ಬಿಳುಚಿಕೊಂಡ.

‘ಏಳಬೇ ಅವ್ವಾ! ಅಲ್ಲಿಂದ ಏಳು!’

‘ತಡಿಯೋ, ಕೊಳ್ಳಿ ಒಳಗ ಸರಿಸಿ ಬರ್ತೇನಿ.’

ಕಾಕಾ ಹಾರಿ ಅವಳ ರಟ್ಟೆ ಹಿಡಿದೆಳೆದ. ನನ್ನನ್ನೂ ಕೆಡವಿಕೊಂಡು ಮೂವರೂ ಪಡಸಾಲೆಗೆ ಬಿದ್ದೆವು. ಆಗ ಆದ ಸದ್ದನ್ನು ಇಂದಿಗೂ ಹೇಳಲಾರೆ. ಹಂಚು ಸುರಿದವು, ಬೂದಿ, ಹಬೆಯಲ್ಲಿ ಅಡುಗೆಮನೆಯೇ ಕಾಣದಾಯಿತು. ತಿಳಿಯಾದಾಗ, ಅಜ್ಜಿ ಕೂತಿದ್ದ ಮಣೆ ಸೀಳಿಹೋಗಿತ್ತು. ಅವಳ ಜಾಗದಲ್ಲಿ ಕಲ್ಲು ಕೂತಿತ್ತು.

ಕಾಕಾ ಬಿಕ್ಕುತ್ತಿದ್ದ. ಅಜ್ಜಿ ಮೆಲ್ಲನೆ ಎದ್ದು, ಪಡಸಾಲೆಯ ಗೋಡೆಗೆ ಸಿಡಿದು ಅಂಟಿದ್ದ ಹುರುಳಿಕಾಳೊಂದನ್ನು ಬಿಡಿಸಿ ಬಾಯಿಗೆ ಹಾಕಿಕೊಂಡಳು. ವಸಡಿನಲ್ಲಿ ಹಿಸುಕಿದಳು. ಕಣ್ಣು ಅರಳಿದವು.

‘ಖರೇನ ಬೆಣ್ಣಿ ಆಗೇತಿ ಮಗನ. ಗಾಳಿಗೆ ಭಾರ ಐತಿ.’

ಅಜ್ಜಿ ಹೋದಳು, ಕಾಕಾನೂ ಹೋದ. ಆ ಮನೆಯಿದ್ದಲ್ಲಿ ಈಗ ಬೇರೆಯವರ ಹಿತ್ತಲಿದೆ. ಮುಂದೆ ಕಾಲೇಜಿನಲ್ಲಿ ನಾನೂ ಗಾಳಿಯ ಭಾರದ ಪಾಠ ಓದಿದೆ, ಪರೀಕ್ಷೆಯಲ್ಲಿ ಬರೆದೆ. ಆದರೂ ಮನೆಯಲ್ಲಿ ಕುಕ್ಕರ್ ಇಟ್ಟಾಗ, ಸೀಟಿ ಬರುವವರೆಗೆ ಯಾರನ್ನೂ ಒಲೆಯ ಹತ್ತಿರ ಬಿಡುವುದಿಲ್ಲ. ಸೊಸೆ ನಗುತ್ತಾಳೆ. ಸೀಟಿಗೆ ಮುಂಚಿನ ಆ ನಿಶ್ಶಬ್ದದಲ್ಲಿ ನಾನು ಬಾಗಿಲಲ್ಲಿ ನಿಂತು, ಯಾರೂ ನೋಡದಂತೆ ಅಂಗೈ ಚಾಚುತ್ತೇನೆ.