ನೀರಿಗಿಂತ ಮುಂದೆ ಓಡುವ ಬೈಕು

ನನ್ನ ಸೋದರಮಾವನಿಗೆ ಜನ ಇಟ್ಟ ಹೆಸರು ಹಾರ್ನ್ ಮಾವ. ಗಂಟಲಿನ ಆಪರೇಷನ್ ಆದಮೇಲೆ ಅವನ ದನಿ ಪಿಸುಮಾತಿಗೆ ಇಳಿದಿತ್ತು. ಬಾಯಿಗೆ ಕಿವಿ ಹಚ್ಚಿದರೆ ಮಾತ್ರ ಕೇಳಿಸುತ್ತಿತ್ತು, ಅದೂ ಅಭ್ಯಾಸವಿದ್ದವರಿಗೆ. ಅಣೆಕಟ್ಟಿನ ಆಫೀಸಿನವರು ಅವನಿಗೆ "ಬಾಯಿ ಬೇಡದ ಕೆಲಸ" ಎಂದು ನಗುತ್ತಾ ಒಂದು ಕೆಲಸ ಕೊಟ್ಟರು. ಗೇಟು ತೆಗೆಯುವ ದಿನ ದಂಡೆಯ ರಸ್ತೆಯಲ್ಲಿ ನೀರಿಗಿಂತ ಮುಂದೆ ಬೈಕು ಓಡಿಸಬೇಕು, ಹಾರ್ನ್ ಹೊಡೆದು ಹೊಳೆಯ ಪಾತ್ರದಲ್ಲಿರುವವರನ್ನು ಮೇಲೆ ಹತ್ತಿಸಬೇಕು. ಸೈರನ್ ಕೆಟ್ಟು ಎಷ್ಟೋ ವರ್ಷವಾಗಿತ್ತು. ಅದನ್ನು ರಿಪೇರಿ ಮಾಡಿಸುವುದಕ್ಕಿಂತ ನಮ್ಮ ಮಾವನನ್ನು ಓಡಿಸುವುದೇ ಸುಲಭ ಎಂದು ಆ ಮಹಾನುಭಾವರಿಗೆ ಹೊಳೆದಿತ್ತು.

ಬೈಕು ಹಳೆಯದು, ಹಾರ್ನ್ ಮಾತ್ರ ಲಾರಿಯದು. ಮೂರು ಸಲ ಉದ್ದಕ್ಕೆ ಹೊಡೆದರೆ ಆಚೆ ದಡದ ನಾಯಿಗಳೂ ಎದ್ದು ನಿಲ್ಲುತ್ತಿದ್ದವು. ಕೆಳಗೆ ಆಸ್ಪತ್ರೆಯ ಚಾದರ ಒಗೆಯುವ ನಾವು ಹನ್ನೆರಡು ಹೆಂಗಸರು. ಹಾರ್ನ್ ಆದಮೇಲೆ ನೀರು ಬರಲು ಇಪ್ಪತ್ತು ನಿಮಿಷ ಬೇಕು; ಬಟ್ಟೆ ಹಿಂಡಿ, ಗಂಟು ಕಟ್ಟಿ, ಹರಟೆ ಹೊಡೆಯುತ್ತಲೇ ಮೇಲೆ ಬರಬಹುದು. ಹಿಂದೊಮ್ಮೆ ಯಾವನೋ ಪುಂಡ "ನೀರು ಬಂತು" ಎಂದು ಸುಳ್ಳು ಕೂಗಿದ್ದಕ್ಕೆ ನಾವು ಬಿದ್ದು ಎದ್ದು ಓಡಿ, ಒಗೆದ ಬಟ್ಟೆಯೆಲ್ಲ ಮಣ್ಣುಪಾಲಾಗಿತ್ತು. ಅಂದಿನಿಂದ ನಮ್ಮಲ್ಲೊಂದು ಕಟ್ಟಳೆ: ಯಾರು ಏನೇ ಕೂಗಲಿ, ಹಾರ್ನ್ ಕೇಳದೆ ಕಾಲು ಕೀಳಬಾರದು. ಕಟ್ಟಳೆ ಮಾಡಿದವಳು ನನ್ನ ಅಮ್ಮ, ಮಾವನ ಅಕ್ಕ. ತಮ್ಮನ ಹಾರ್ನಿನ ಮೇಲೆ ಅವಳಿಗಿದ್ದ ನಂಬಿಕೆ ದೇವರ ಮೇಲೂ ಇರಲಿಲ್ಲ.

ಆ ಹಾರ್ನಿಗೆ ಬ್ಯಾಟರಿ ಎಷ್ಟಿದ್ದರೂ ಸಾಲದು. ಹಾಗಾಗಿ ಮಾವ ಬ್ಯಾಟರಿಯನ್ನು ಹಸುಗೂಸಿನ ಹಾಗೆ ಸಾಕುತ್ತಿದ್ದ. ಭಾನುವಾರ ಬೆಳಿಗ್ಗೆ ಸೀಟು ಬಿಚ್ಚಿ, ಮೊದಲು ಕಪ್ಪು ವೈರು, ಆಮೇಲೆ ಕೆಂಪು ವೈರು ತೆಗೆಯುತ್ತಿದ್ದ. ತುದಿಗಳಲ್ಲಿ ಕಟ್ಟಿದ ಬಿಳಿ ಪುಡಿಯನ್ನು ಬಿಸಿನೀರು ಹಾಕಿ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಒರೆಸಿ, ವ್ಯಾಸಲೀನ್ ಸವರುತ್ತಿದ್ದ. ಒಳಗೆ ಗೆರೆಯ ತನಕ ಡಿಸ್ಟಿಲ್ಡ್ ವಾಟರ್. ನಾನೊಮ್ಮೆ ನಲ್ಲಿ ನೀರು ತಂದುಕೊಟ್ಟಿದ್ದಕ್ಕೆ ಇಡೀ ದಿನ ನನ್ನ ಜೊತೆ ಮಾತು ಬಿಟ್ಟಿದ್ದ. ಇರುವುದೇ ಚೂರು ದನಿ, ಅದನ್ನೂ ಬಿಟ್ಟರೆ ಗೊತ್ತಾಗುವುದು ಹೇಗೆ ಎಂದು ಅಮ್ಮ ನಕ್ಕಿದ್ದಳು.

ಆ ವರ್ಷ ಅವನ ಮಗಳಿಗೆ ಹೆರಿಗೆಯ ದಿನ ಹತ್ತಿರವಾಯಿತು. ಮಾವ, ಅತ್ತೆ ಇಬ್ಬರೂ ಅವಳ ಊರಿಗೆ ಹೊರಟರು. ಅವನಿಲ್ಲದಾಗ ನೀರು ಬಿಡುವುದಾದರೆ ಆಫೀಸಿನವನೊಬ್ಬ ಬಂದು ಇದೇ ಬೈಕು ಒಯ್ಯಬೇಕಿತ್ತು. ಅದಕ್ಕೇ ಮಾವ ವೈರು ಬಿಚ್ಚಿಡದೆ ಕೀಲಿ ನನ್ನ ಕೈಗೆ ಕೊಟ್ಟ.

"ದಿನಾ ಬೆಳಿಗ್ಗೆ ಸ್ಟಾರ್ಟ್ ಮಾಡು. ಹದಿನೈದು ನಿಮಿಷ ಓಡ್ಲಿ, ಕಮ್ಮಿ ಮಾಡ್ಬೇಡ. ಸ್ಟಾರ್ಟ್ ಆಗೋಕೆ ತಿಂದಿದ್ದನ್ನ ಓಡಿ ಓಡಿನೇ ವಾಪಸ್ ತುಂಬ್ಕೋಬೇಕು ಬ್ಯಾಟರಿ" ಎಂದು ನನ್ನ ಕಿವಿಯಲ್ಲಿ ಉಸುರಿದ.

"ಆಯ್ತು ಮಾವ, ಅದೇನ್ ಬ್ರಹ್ಮವಿದ್ಯೆನಾ?" ಎಂದೆ.

ಮೊದಲ ದಿನ ಹದಿನೈದು ನಿಮಿಷ ಓಡಿಸಿದೆ. ನಮ್ಮ ಎರಡು ಮನೆಗಳಿಗೂ ಒಂದೇ ಶೆಡ್ಡು, ಹೊಗೆಯೆಲ್ಲ ಅಮ್ಮನ ಕೋಣೆಗೆ ನುಗ್ಗಿತು. "ಆರ್ಸೇ ಮಾರಾಯ್ತಿ, ಉಸಿರು ಕಟ್ಟುತ್ತೆ" ಎಂದು ಕೂಗಿಕೊಂಡಳು. ಎರಡನೆಯ ದಿನದಿಂದ ಬಟನ್ ಒತ್ತುವುದು, ಇಂಜಿನ್ ಸದ್ದು ಕೇಳುವುದು, ಅರ್ಧ ನಿಮಿಷಕ್ಕೆ ಆರಿಸುವುದು. ಹೇಳಿದ ಕೆಲಸ ಮಾಡಿದೆನೆಂಬ ಸಮಾಧಾನ ಬೇರೆ! ಒಂದು ದಿನವೂ ತಪ್ಪಿಸಲಿಲ್ಲ. ಸುಮ್ಮನೆ ಬಿಟ್ಟಿದ್ದರೂ ಬ್ಯಾಟರಿ ಅಷ್ಟು ಬೇಗ ಸಾಯುತ್ತಿರಲಿಲ್ಲ. ನಾನು ನಿಷ್ಠೆಯಿಂದ ದಿನಾ ಒಂದೊಂದು ಗುಟುಕು ಹೀರಿ ಖಾಲಿ ಮಾಡಿದೆ.

ಹೆರಿಗೆ ಕಷ್ಟವಾಗಿ, ಐದು ದಿನಕ್ಕೆಂದು ಹೋದವರು ಹದಿನಾರು ದಿನ ಉಳಿದರು. ಹತ್ತನೆಯ ದಿನ ಇಂಜಿನ್ ಏದುಸಿರು ಬಿಟ್ಟು ಎದ್ದಿತು. ಹದಿನಾಲ್ಕನೆಯ ದಿನ ಕೀಲಿ ತಿರುಗಿಸಿದರೆ ದೀಪ ಮಂಕು. ಹದಿನಾರನೆಯ ದಿನ ಬಟನ್ ಒತ್ತಿದರೆ ಟಿಕ್ ಎಂದಿತು, ಅಷ್ಟೇ. ಆಫೀಸಿಗೆ ಒಂದು ಮಾತು ಹೇಳಬಹುದಿತ್ತು, ಮೆಕ್ಯಾನಿಕ್ಕನನ್ನು ಕರೆಯಬಹುದಿತ್ತು. ನಾಳೆ ಮಾವ ಬರುತ್ತಾನಲ್ಲ, ಅವನೇ ನೋಡಿಕೊಳ್ಳಲಿ ಎಂದು ಬೈಕಿನ ಮೇಲೆ ಗೋಣಿತಾಟು ಹೊದಿಸಿದೆ. ಬೈಸಿಕೊಳ್ಳುವ ಭಯವೇ ದೊಡ್ಡದಾಗಿತ್ತು.

ಮರುದಿನ ಬೆಳಿಗ್ಗೆ ಮಾವ, ಅತ್ತೆ ಬಸ್ಸಿಳಿಯುವ ಹೊತ್ತಿಗೆ ನಾನು, ಅಮ್ಮ ಹೊಳೆಯಲ್ಲಿದ್ದೆವು. ಮುಂದಿನದನ್ನು ಅತ್ತೆ ಹೇಳಿದ್ದು. ಮಾವ ಚೀಲ ಕೆಳಗಿಡುವಷ್ಟರಲ್ಲಿ ಆಫೀಸಿನಿಂದ ಫೋನ್ ಬಂತು: ಮೇಲ್ಗಡೆ ಜೋರು ಮಳೆ, ಈಗಲೇ ಗೇಟು ತೆಗೆಯುತ್ತಿದ್ದೇವೆ. ಅವನು ಗೋಣಿತಾಟು ಎಳೆದು, ನಾನು ಶೆಡ್ಡಿನ ಮೊಳೆಗೆ ನೇತುಹಾಕಿದ್ದ ಕೀಲಿ ಹಾಕಿ ಬಟನ್ ಒತ್ತಿದ. ಟಿಕ್. ಕಿಕ್ಕರ್ ಮುರಿದು ವರ್ಷವಾಗಿತ್ತು. ಅತ್ತೆ ನನಗೆ ನಾಲ್ಕು ಸಲ ಫೋನ್ ಮಾಡಿದಳಂತೆ. ನನ್ನ ಫೋನು ದಡದ ಮೇಲೆ ಚೀಲದಲ್ಲಿತ್ತು. ಮಾವ ಬೈಕನ್ನು ಮನೆ ಮುಂದಿನ ಇಳಿಜಾರಿಗೆ ತಳ್ಳಿ, ಎರಡನೇ ಗೇರು ಹಾಕಿ, ಓಡುತ್ತಾ ಕ್ಲಚ್ ಬಿಟ್ಟ. ಎರಡು ಸಲ ಕೆಮ್ಮಿ ಮೂರನೆಯ ಸಲಕ್ಕೆ ಇಂಜಿನ್ ಹತ್ತಿತು. ಹಾರ್ನ್ ಒತ್ತಿದ. ಲೋಟದ ಕೆಳಗೆ ಸಿಕ್ಕ ನೊಣದಷ್ಟು ಸದ್ದು ಬಂತಂತೆ. ನಿಂತು ನೋಡಲು ಹೊತ್ತಿರಲಿಲ್ಲ, ಹಾಗೇ ಹೊರಟ. ಇಪ್ಪತ್ತರಲ್ಲಿ ಎಷ್ಟು ನಿಮಿಷ ಆಗಲೇ ಹೋಗಿತ್ತೋ.

ದಂಡೆಯ ಮೇಲೆ ಅವನು ಕಂಡಾಗ ನಾನು ಚಾದರ ಹಿಂಡುತ್ತಿದ್ದೆ. ಬೈಕು ನಿಲ್ಲಿಸಿ, ಎರಡೂ ಕೈ ಮೇಲೆತ್ತಿ ಕುಣಿಯುವವನ ಹಾಗೆ ಬೀಸುತ್ತಿದ್ದ. ಬಾಯಿ ತೆರೆದು ಮುಚ್ಚುತ್ತಿತ್ತು.

"ಅಯ್ಯೋ, ತಾತ ಆದ ಖುಷಿ ನೋಡ್ರೇ!" ಎಂದು ಒಬ್ಬಳು ಕೂಗಿದಳು. ಎಲ್ಲರೂ ನಕ್ಕರು. ಹನ್ನೆರಡೂ ಜನ ಅವನಿಗೆ ಕೈ ಬೀಸಿದೆವು. ನಾನೂ ಬೀಸಿದೆ. ಅಮ್ಮ ನಡುಹೊಳೆಯ ಬಂಡೆಯ ಮೇಲೆ ನಿಂತು, "ತಮ್ಮಾ, ಕೂಸು ಯಾರ ಹಾಗಿದೆ?" ಎಂದು ಕೇಳಿದಳು.

ಅವನು ಬೈಕನ್ನು ಬೀಳಲು ಬಿಟ್ಟು ದಂಡೆಯಿಂದ ಜಾರಿ, ಉರುಳಿ, ಬರಿಗಾಲಲ್ಲಿ ನಮ್ಮ ಕಡೆ ಓಡಿ ಬಂದ. ಹತ್ತಿರ ಬಂದಾಗ ಅವನ ಮುಖ ಕಂಡಿತು. ಆಗ ನನಗೆ ಎಲ್ಲವೂ ಒಟ್ಟಿಗೇ ಅರ್ಥವಾಯಿತು, ಆ ಟಿಕ್ ಸದ್ದೂ ಸೇರಿ. "ನೀರು! ಓಡಿ!" ಎಂದು ಕಿರುಚಿದೆ. ಹತ್ತಿರವಿದ್ದವರು ಅವನ ಮುಖ ನೋಡಿ ನಂಬಿದರು, ಗಂಟು ಬಿಸಾಡಿ ಓಡಿದರು. ದೂರವಿದ್ದ ಅಮ್ಮ ನಂಬಲಿಲ್ಲ.

"ಹಾರ್ನೇ ಆಗಿಲ್ವಲ್ಲೇ! ಇಷ್ಟು ಚಾದರ ಎತ್ಕೊಂಡು ಬಂದೆ, ನಡಿ" ಎಂದು ನಮಗೆ ಬೆನ್ನು ಮಾಡಿದಳು.

ಮಾವ ಅವಳ ಕಡೆ ಹೊರಟವನು ಸೊಂಟದವರೆಗೂ ನೀರಿಗಿಳಿದಿದ್ದ. ಮೂವರು ಸೇರಿ ಅವನನ್ನು ಹಿಡಿದೆಳೆದೆವು. ಹೊಳೆಯ ತಿರುವಿನಿಂದ ನೀರು ಬಂದ ಸದ್ದಿಗೆ ಅಮ್ಮ ತಲೆಯೆತ್ತಿದ್ದನ್ನು ನಾನು ನೋಡಿದೆ. ಅವಳು ಸಿಕ್ಕಿದ್ದು ಮೂರನೆಯ ದಿನ, ಎರಡು ಹಳ್ಳಿ ದಾಟಿ.

ಮಾವ ನನ್ನನ್ನು ಒಂದು ಮಾತೂ ಕೇಳಲಿಲ್ಲ. ಕೇಳುವ ಅಗತ್ಯ ಅವನಿಗಿರಲಿಲ್ಲ. ಬ್ಯಾಟರಿ ಹೇಗೆ ಸತ್ತಿತೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಾಗಬೇಕು? ನನ್ನ ಮುಂದೆ ಮುದ್ದೆಯಾಗಿ ಕುಳಿತು ಅಕ್ಕನಿಗಾಗಿ ಅಳುತ್ತಿದ್ದ. ಅಳುವಿಗೂ ಸದ್ದಿರಲಿಲ್ಲ. ನಾನೇ ಬಾಯಿಬಿಟ್ಟು ಹೇಳಬೇಕೆಂದು ದಿನಾ ಎದ್ದು ಕೂರುತ್ತಿದ್ದೆ, ದಿನಾ ಹಾಗೇ ಮಲಗುತ್ತಿದ್ದೆ.

ತಿಂಗಳಾದ ಮೇಲೆ ವಿಚಾರಣೆಗೆ ಕರೆದರು. ಮಾವನ ಮಾತು ತಿಳಿಯುವವಳು ಬೇಕೆಂದು ನನ್ನನ್ನೂ ಕೂರಿಸಿದರು. ಫ್ಯಾನು ತಿರುಗುವ ಕೋಣೆ, ಮೇಜಿನಾಚೆ ಕನ್ನಡಕದ ಅಧಿಕಾರಿ, ಪಕ್ಕದಲ್ಲಿ ಟೈಪ್ ಮಾಡುವವಳು. ತಪ್ಪು ಸಾಬೀತಾದರೆ ಮಾವನಿಗೆ ಕೆಲಸವೂ ಇಲ್ಲ, ಪಿಂಚಣಿಯೂ ಇಲ್ಲ ಎಂದು ಮೊದಲೇ ತಿಳಿಸಿದ್ದರು.

"ಹದಿನಾರು ದಿನ ನೀವು ಊರಲ್ಲಿರ್ಲಿಲ್ಲ. ಗಾಡಿ ಯಾರ್ ನೋಡ್ಕೊಳ್ತಿದ್ರು?" ಎಂದು ಅಧಿಕಾರಿ ಕೇಳಿದರು.

ಮಾವ ನನ್ನ ಕಿವಿಯ ಹತ್ತಿರ ಬಾಗಿದ. "ಯಾರಿಗೂ ಹೇಳಿರ್ಲಿಲ್ಲ ಅನ್ನು. ಕೀಲಿ ನನ್ನ ಹತ್ರನೇ ಇತ್ತು ಅನ್ನು. ತಪ್ಪು ನಂದೇ ಅನ್ನು."

ನಾನು ಅವನ ಮುಖ ನೋಡಿದೆ. ಅವನು ನೆಲ ನೋಡುತ್ತಿದ್ದ. ನನ್ನ ಮೊಣಕೈಯನ್ನು ಎರಡು ಬೆರಳಿನಿಂದ ಮೆಲ್ಲಗೆ ಒತ್ತಿದ.

"ಏನಂತಾರಮ್ಮ? ಜೋರಾಗಿ ಹೇಳು, ಬರ್ಕೋಬೇಕು" ಎಂದರು ಅಧಿಕಾರಿ.

ನನ್ನ ದನಿಗೆ ಏನೂ ಆಗಿರಲಿಲ್ಲ. ಕೋಣೆಗೆಲ್ಲ ಕೇಳುವ ಹಾಗೆ, "ಯಾರಿಗೂ ಹೇಳಿರ್ಲಿಲ್ವಂತೆ ಸಾರ್, ತಪ್ಪು ಅವ್ರದ್ದೇ ಅಂತೆ" ಎಂದೆ. ಪಕ್ಕದಲ್ಲಿದ್ದವಳು ಅದನ್ನು ಟೈಪ್ ಮಾಡಿದಳು.