ಏಳನೇ ನಂಬರಿನ ಬಾಟಲಿ

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ಮೊದಲು ಅವರ ಕನ್ನಡಕದ ನಂಬರು ಕೇಳುತ್ತಿದ್ದೆ. ಬೈಲಹೊಂಗಲದ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುವವಳು ನಾನು. ದೆವ್ವ, ಶಕುನ ಎಂದರೆ ನಗು ಬರುತ್ತಿತ್ತು. ನಾಲ್ಕು ವರ್ಷಗಳ ಹಿಂದೆ ಒಂದು ರವಿವಾರ ನಡೆದದ್ದನ್ನು ಈಗ ಬರೆಯುತ್ತಿದ್ದೇನೆ. ನೀವು ನಕ್ಕರೂ ನನಗೆ ಬೇಜಾರಿಲ್ಲ.

ನನ್ನ ಬಳಿ ಒಂದು ಹಳೆಯ ರಸಾಯನಶಾಸ್ತ್ರದ ಪುಸ್ತಕವಿದೆ. ಲವಣಗಳ ರುಚಿ ನೋಡಿ ಬರೆಯಿರಿ ಎಂದು ಸಲೀಸಾಗಿ ಹೇಳುವಷ್ಟು ಹಳೆಯದು. ಇಂದು ಹಾಗೆ ಕಲಿಸಿದರೆ ನನ್ನ ನೌಕರಿ ಹೋದೀತು. ಕಾಲೇಜಿನಲ್ಲಿ ನಮಗೆ ಕೆಮಿಸ್ಟ್ರಿ ಕಲಿಸಿದ ಸರ್ ನಿವೃತ್ತರಾದಾಗ ಕೊಟ್ಟದ್ದು. ಉಳಿದ ಶಿಕ್ಷಕರು ಲವಣದ ಹೆಸರು ಮೊದಲೇ ಹೇಳಿ ಅದಕ್ಕೆ ತಕ್ಕಂತೆ ಪ್ರಯೋಗ ಬರೆಸುತ್ತಿದ್ದ ಕಾಲದಲ್ಲಿ, ಕಣ್ಣಿಗೆ ಕಂಡದ್ದನ್ನೇ ಬರೆಯಿರಿ ಎನ್ನುತ್ತಿದ್ದವರು ಅವರೊಬ್ಬರೇ. ನಾನು ಅವರನ್ನು ಕಣ್ಣುಮುಚ್ಚಿ ನಂಬಿದ್ದೆ.

ಬಿ.ಎಸ್‌ಸಿ. ಕೊನೆಯ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ನನಗೆ ಏಳನೇ ಬಾಟಲಿಯ ಲವಣ ಬಂತು. ಜ್ವಾಲೆಗೆ ಹಿಡಿದರೆ ಹಸಿರು. ಬೇರಿಯಂ ಎಂದು ಬರೆದೆ. ಸರ್ ತಮ್ಮ ಪಟ್ಟಿ ನೋಡಿ, ಅದು ಕ್ಯಾಲ್ಸಿಯಂ, ಇಟ್ಟಂಗಿ ಕೆಂಪು ಬರಬೇಕು ಎಂದು ನನ್ನ ಉತ್ತರ ಹೊಡೆದುಹಾಕಿದರು.

“ನೀವೂ ಒಮ್ಮೆ ನೋಡ್ರಿ ಸರ್” ಎಂದೆ.

“ನಿನ್ನ ಕಣ್ಣಿಗೆ ಬಣ್ಣ ತಿಳಿಯಂಗಿಲ್ಲೇನವಾ?” ಎಂದರು, ಎಲ್ಲರೆದುರು. ಜ್ವಾಲೆಯತ್ತ ತಿರುಗಿಯೂ ನೋಡಲಿಲ್ಲ.

ಆ ಅಂಕಗಳ ಜೊತೆಗೆ ಧಾರವಾಡದ ಎಂ.ಎಸ್‌ಸಿ. ಸೀಟೂ ಹೋಯಿತು. ಆದರೂ ತಪ್ಪು ನನ್ನ ಕಣ್ಣಿನದೇ ಅಂದುಕೊಂಡೆ. ಇಪ್ಪತ್ತೆರಡು ವರ್ಷ ತಂಗಿಯನ್ನು ಬಣ್ಣ ಕೇಳದೆ ಒಂದು ಸೀರೆ ಕೊಂಡವಳಲ್ಲ ನಾನು.

ಆ ರವಿವಾರ ಮಧ್ಯಾಹ್ನ, ಹಿಂದೆ ಹೇಗೆ ಕಲಿಸುತ್ತಿದ್ದರೆಂದು ಮಕ್ಕಳಿಗೆ ತೋರಿಸಲು ಆ ಪುಸ್ತಕ ತೆರೆದೆ. ಜ್ವಾಲೆಯ ಬಣ್ಣಗಳ ಪುಟದ ಅಂಚಿನಲ್ಲಿ, ನೀಲಿ ಶಾಯಿಯಲ್ಲಿ, ಸರ್ ಅವರದೇ ಓರೆ ಅಕ್ಷರ: ‘ಏಳನೇ ಬಾಟಲಿ ಬೇರಿಯಂ. ಚೀಟಿ ತಪ್ಪಾಗಿ ಅಂಟಿಸಿದವನು ನಾನು. ಅಂದು ಸಂಜೆಯೇ ಗೊತ್ತಾಯಿತು. ಸುಮ್ಮನಾದೆ.’ ಎಷ್ಟೋ ಸಲ ತೆರೆದ ಪುಟ ಅದು, ಹಿಂದೆಂದೂ ಇದನ್ನು ಕಂಡಿರಲಿಲ್ಲ. ಮೂರು ಸಲ ಓದಿದೆ. ಪುಸ್ತಕವನ್ನು ಚೀಲಕ್ಕೆ ತುರುಕಿ, ಸರ್ ಇರುವ ಸಂಪಗಾಂವಕ್ಕೆ ಬಸ್ಸು ಹತ್ತಿದೆ.

ನಮಸ್ಕಾರವನ್ನೂ ಹೇಳದೆ ಪುಟ ತೆರೆದು ಅವರ ಮುಂದಿಟ್ಟೆ. ಅಂಚು ಖಾಲಿ ಇತ್ತು. ಬೆಳಕಿಗೆ ಹಿಡಿದೆ, ಹಿಂದಿನ ಮುಂದಿನ ಪುಟ ತಿರುವಿದೆ. ಶಾಯಿಯ ಗುರುತೂ ಇರಲಿಲ್ಲ.

“ಏನ ಇತ್ತವಾ ಅಲ್ಲಿ?” ಎಂದರು.

ಓದಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ಅವರು ಆ ಖಾಲಿ ಅಂಚಿನ ಮೇಲೆ ಬೆರಳಾಡಿಸಿದರು.

“ನಿನಗ ಪುಸ್ತಕ ಕೊಡೂ ಹಿಂದಿನ ದಿನ ಪೆನ್ನ ಹಿಡಕೊಂಡು ಕುಂತಿದ್ದೆ. ಇವೇ ಮಾತು ಬರೀಬೇಕಂತಿದ್ದೆ. ಧೈರ್ಯ ಆಗಲಿಲ್ಲ. ಬರೀಲಿಲ್ಲವಾ.”

ಬರೆಯದೇ ಉಳಿದ ಮಾತನ್ನು ನಾನು ಹೇಗೆ ಓದಿದೆನೋ, ಇಂದಿಗೂ ತಿಳಿದಿಲ್ಲ. ಅವತ್ತು ಅದನ್ನು ಯೋಚಿಸುವ ಸ್ಥಿತಿಯಲ್ಲೂ ಇರಲಿಲ್ಲ. ಗೊತ್ತಿದ್ದೂ ಯಾಕೆ ಸುಮ್ಮನಿದ್ದಿರಿ ಎಂದು ಎರಡು ಸಲ ಕೇಳಿದೆ. ಅವರು ಪುಸ್ತಕ ಮುಚ್ಚಿ ನನ್ನತ್ತ ಸರಿಸಿದರು. ಅವರ ಸೊಸೆ ತಂದಿಟ್ಟ ಚಹಾ ಮುಟ್ಟದೆ ಎದ್ದು ಬಂದೆ.