ಟೈರು ಒದೆಯುವ ಮೇಷ್ಟ್ರು

ಗಾಳಿಯ ವಿಷಯದಲ್ಲಿ ಸೀಟಿ ಮೇಷ್ಟ್ರಿಗೆ ಯಾರೂ ಬುದ್ಧಿ ಹೇಳುವಂತಿರಲಿಲ್ಲ. ನೌಕರಿ ಇದ್ದಷ್ಟು ಕಾಲ ಶಾಲೆಯ ಮೈದಾನದಲ್ಲಿ ಫುಟ್‌ಬಾಲಿಗೆ ಗಾಳಿ ಹೊಡೆಸಿ, ಹೆಬ್ಬೆರಳಲ್ಲಿ ಒಮ್ಮೆ ಒತ್ತಿ, ಬೂಟುಗಾಲಲ್ಲಿ ಒಮ್ಮೆ ಒದ್ದು, ಸರಿ ಎಂದೋ ಸಾಲದು ಎಂದೋ ತೀರ್ಪು ಕೊಟ್ಟವರು ಅವರು. ನಿವೃತ್ತಿಯಾಯಿತು, ಚೆಂಡು ಹೋಯಿತು, ಕಾಲು ಮಾತ್ರ ಸುಮ್ಮನಿರಲಿಲ್ಲ. ಒಂದು ಕಾರು ಕೊಂಡು ತಂದು ದಿನಾ ಅದರ ನಾಲ್ಕೂ ಟೈರುಗಳನ್ನು ಒದೆಯತೊಡಗಿದರು. ಒದ್ದಾದ ಮೇಲೆ ಕುತ್ತಿಗೆಯಲ್ಲಿ ನೇತಾಡುವ ಸೀಟಿಯನ್ನು ಪೀ ಎಂದು ಊದುವುದು. ಊದಿದರೆ ಗಾಡಿ ಸರಿಯಿದೆ ಎಂದರ್ಥ. ಮನೆಗೆ ಬಂದ ಮೇಲೂ ಸೀಟಿ ಬಿಡದ ಮನುಷ್ಯ ಇನ್ನೇನು ತಾನೇ ಬಿಟ್ಟಾರು!

"ಗೇಜು ಗೀಜು ಎಲ್ಲಾ ತಮ್ಮ ಕಾಲನ್ನ ತಾವೇ ನಂಬದೋರಿಗೆ" ಎಂದು ಬೀದಿಯಲ್ಲಿ ಕಂಡಕಂಡವರ ಮುಂದೆ ಕೊಚ್ಚಿಕೊಳ್ಳುತ್ತಿದ್ದರು. ಪಕ್ಕದ ಮನೆಯವರು ಹೂಂಗುಟ್ಟುತ್ತಿದ್ದರು. ಹೂಂಗುಟ್ಟದಿದ್ದರೆ ಅವರ ಟೈರಿಗೂ ಒದೆ ಬೀಳುತ್ತಿತ್ತು.

ಅವರ ಹೆಂಡತಿಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ. ಬೆಳಗಿನ ಪಾಳಿ. ಬಸ್ಸಿನಲ್ಲಿ ನಿಂತು ಹೋಗಿ, ಪಾಳಿಯುದ್ದಕ್ಕೂ ಯಂತ್ರಗಳ ಮುಂದೆ ನಿಂತು, ಮತ್ತೆ ನಿಂತು ಬರುವಷ್ಟರಲ್ಲಿ ಮಂಡಿಗಳು ಅವಳ ಮಾತು ಕೇಳುತ್ತಿರಲಿಲ್ಲ. ಅದಕ್ಕೇ ತಲೆ ನರೆತ ಮೇಲೆ ಹಟ ಹಿಡಿದು ಡ್ರೈವಿಂಗ್ ಕಲಿತಳು. ಗಂಡನ ಹತ್ತಿರವಲ್ಲ, ದುಡ್ಡು ಕೊಟ್ಟು ಹೊರಗೆ. ಲೈಸೆನ್ಸ್ ಕೈಗೆ ಬಂದಾಗ ಅಕ್ಕಪಕ್ಕದವರೆಲ್ಲ ಹೊಗಳಿದರು, ಮೇಷ್ಟ್ರು ಬೇರೆ ದಾರಿಯಿಲ್ಲದೆ ಕೀ ಕೊಟ್ಟರು. ಮೊದಲ ದಿನ ಕೂತುಕೊಂಡು ಕೆಲಸಕ್ಕೆ ಹೋದಾಗ ಅವಳಿಗಾದ ಸಂತೋಷ ಅಷ್ಟಿಷ್ಟಲ್ಲ. ಕೆಂಪು ಸಿಗ್ನಲ್ ಬಿದ್ದಾಗಲೂ ನಗುತ್ತಾ ಕೂತಿದ್ದಳು.

ಅದಕ್ಕೂ ಕಲ್ಲು ಬಿತ್ತು. ಮಾರನೆಯ ದಿನ ಚಳಿ ಜೋರಾಗಿತ್ತು. ಗಾಡಿ ಶುರು ಮಾಡುತ್ತಲೇ ಎದುರಿನ ಫಲಕದಲ್ಲಿ ಹಳದಿ ದೀಪವೊಂದು ಹತ್ತಿಕೊಂಡಿತು. ಕುದುರೆ ಲಾಳದಂಥ ಗುರುತು, ನಡುವೆ ಒಂದು ಆಶ್ಚರ್ಯಸೂಚಕ ಚಿಹ್ನೆ. ಟೈರಿನಲ್ಲಿ ಗಾಳಿ ಕಮ್ಮಿ ಎಂದು ಡ್ರೈವಿಂಗ್ ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಮಧ್ಯಾಹ್ನ ಮನೆಗೆ ಬಂದವಳೇ ಗಂಡನಿಗೆ ಹೇಳಿದಳು.

ಮೇಷ್ಟ್ರು ಬಿಸಿಲಲ್ಲಿ ನಿಂತಿದ್ದ ಗಾಡಿಯನ್ನು ಶುರು ಮಾಡಿದರು. ದೀಪ ಇಲ್ಲ. ಇಳಿದು ನಾಲ್ಕೂ ಟೈರು ಒದ್ದರು. ಸೀಟಿ ಊದಿದರು.

"ಎಲ್ಲಿದೆಯೇ ನಿನ್ನ ದೀಪ?"

"ರೀ, ಬೆಳಿಗ್ಗೆ ಬಂದಿತ್ತು. ಆಮೇಲೆ ದಾರೀಲಿ ತಾನೇ ಹೋಯ್ತು."

"ನೀನು ಕೂತರೆ ಬರುತ್ತೆ, ನಾನು ಕೂತರೆ ಬರಲ್ಲ. ಅಂದ್ಮೇಲೆ ತಪ್ಪು ಟೈರಿಂದಲ್ಲ ಕಣೇ, ನೀನು ಓಡಿಸೋ ರೀತೀದು. ಗುಂಡಿ ನೋಡಲ್ಲ, ಹಂಪು ನೋಡಲ್ಲ, ಎತ್ತಿ ಎತ್ತಿ ಹಾಕ್ತೀಯ."

"ಗಾಡಿ ಇನ್ನೂ ಗೇಟೇ ದಾಟಿರಲಿಲ್ಲವಲ್ರೀ. ಒಂದ್ಸಲ ಗಾಳಿ ನೋಡಿಸೋಣ."

"ನನ್ನ ಗಾಡಿಗೆ ಇನ್ನೊಬ್ಬ ಗಾಳಿ ನೋಡ್ತಾನಾ? ದೀಪ ಬರದ ಹಾಗೆ ಓಡಿಸೋದು ಕಲಿ, ಆಮೇಲೆ ಕೀ ಕೇಳು."

ಕೀ ಇಲ್ಲದೆ ಕಲಿಯುವುದು ಹೇಗೆ ಎಂಬ ಪ್ರಶ್ನೆ ಅಂಥ ದೊಡ್ಡ ತಲೆಗೆ ಹೊಳೆಯಲಿಲ್ಲ. ಕೀ ಮಂಚದ ಮೇಲಿನ ಗೋಡೆಯ ಮೊಳೆಗೆ, ಅವರು ರಾತ್ರಿ ಸೀಟಿ ಕಳಚಿ ತೂಗುಹಾಕುವ ಜಾಗಕ್ಕೆ ಹೋಯಿತು. ಕೈ ಚಾಚಿದರೆ ಸಿಗುತ್ತಿತ್ತು. ಆದರೆ ಮೇಷ್ಟ್ರು ತಪ್ಪು ಅವಳ ಕೈಯದೇ ಎಂದು ಬೀದಿಯಲ್ಲೆಲ್ಲ ಹೇಳಿ ಹೇಳಿ ಅವಳ ಮನಸ್ಸಿನಲ್ಲೂ ಹುಳ ಬಿಟ್ಟಿದ್ದರು. ನನ್ನ ಕೈಯೇ ಸರಿಯಿಲ್ಲವೇನೋ, ಈ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತಾ, ಎಂದುಕೊಳ್ಳುತ್ತಾ ಅವಳು ಮತ್ತೆ ಬಸ್ಸಿನ ಕಂಬಿ ಹಿಡಿದಳು. ಕಾರು ಒರೆಸುವ ಕೆಲಸ ಮಾತ್ರ ಅವಳದೇ ಉಳಿಯಿತು. ಅದಕ್ಕೆ ಲೈಸೆನ್ಸ್ ಬೇಕಿರಲಿಲ್ಲ ನೋಡಿ.

ಆ ಭಾನುವಾರ ಹಳೆಯ ವಿದ್ಯಾರ್ಥಿಗಳ ಪಂದ್ಯವಿತ್ತು. ರೆಫರಿ ಮೇಷ್ಟ್ರೇ. ಎಂದೂ ಬಿಸಿಲೇರುವ ಮುಂಚೆ ಗಾಡಿ ಮುಟ್ಟದ ಮನುಷ್ಯ ಅವತ್ತು ಮಂಜು ಕರಗುವ ಮೊದಲೇ ಹೊರಟರು. ಮಧ್ಯಾಹ್ನ ಬಂದವರು ಗಾಳಿಯ ಸುದ್ದಿ ಎತ್ತಲಿಲ್ಲ, ಟೈರು ಒದೆಯಲಿಲ್ಲ, ಊಟ ಮಾಡಿ ಮಲಗಿಬಿಟ್ಟರು.

ಸಂಜೆ ಅವಳು ಬಟ್ಟೆ ಹಿಡಿದು ಕಾರು ಒರೆಸಲು ಹೋದಳು. ಎದುರಿನ ಫಲಕದ ಮೇಲೆ ಏನೋ ಅಂಟಿತ್ತು. ಬ್ಯಾಟಿನ ಹಿಡಿಗೆ ಸುತ್ತುವ ಕಪ್ಪು ಟೇಪಿನ ಒಂದು ಚೂರು. ಉಗುರಿನಷ್ಟೇ ಅಗಲ, ಅಂಚು ನೀಟಾಗಿ ಕತ್ತರಿಸಿದ್ದು. ಅದು ಕೂತಿದ್ದ ಜಾಗ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅಂದರೆ ಅವರಿಗೂ ದೀಪ ಬಂದಿತ್ತು. ಬಂದದ್ದನ್ನು ಹೇಳುವುದು ಬಿಟ್ಟು, ಮುಚ್ಚಿ ಬಂದಿದ್ದರು. ಅವಳ ಕೈ ಸರಿಯಿದೆ ಎಂದು ಒಪ್ಪುವುದಕ್ಕಿಂತ ಕತ್ತರಿ ಹುಡುಕುವುದು ಅವರಿಗೆ ಸುಲಭವಾಗಿತ್ತು. ಅವಳಿಗೆ ಮೊದಲು ನಗು ಬಂತು, ಆಮೇಲೆ ಮೈಯೆಲ್ಲ ಉರಿಯಿತು. ಇಷ್ಟು ದಿನ ಬಸ್ಸಿನಲ್ಲಿ ತನ್ನನ್ನೇ ತಾನು ಬೈದುಕೊಂಡದ್ದು ನೆನಪಾಗಿ ಅಳುವೂ ಬಂತು.

ಬೆಳಿಗ್ಗೆ ಗಂಡ ಗೊರಕೆ ಹೊಡೆಯುತ್ತಿದ್ದಾಗ ಮೊಳೆಯಿಂದ ಕೀ ತೆಗೆದುಕೊಂಡಳು. ಟೇಪನ್ನು ಕಿತ್ತು ಗಾಡಿ ಶುರು ಮಾಡಿದರೆ ದೀಪ ಉರಿಯುತ್ತಲೇ ಇತ್ತು. ತಿರುವಿನಲ್ಲೇ ಇದ್ದ ಗಾಳಿ ಅಂಗಡಿಯವನು ಚಾಲಕನ ಬಾಗಿಲು ತೆರೆದು, ಒಳಗಿನ ಕಂಬದಲ್ಲಿ ಎಷ್ಟು ಗಾಳಿ ಬೇಕೆಂದು ಅಂಟಿಸಿದ್ದ ಚೀಟಿ ಓದಿ ಗೇಜು ಹಚ್ಚಿದ.

"ನಾಲ್ಕರಲ್ಲೂ ಕಮ್ಮಿ ಇದೆಯಮ್ಮಾ. ಚಳೀಲಿ ಗಾಳಿ ಇನ್ನೂ ಕುಗ್ಗುತ್ತೆ, ದೀಪ ಬರುತ್ತೆ. ಬಿಸಿಯಾದ್ರೆ ಹಿಗ್ಗುತ್ತೆ, ಆರಿಹೋಗುತ್ತೆ. ಹೀಗೆ ತಣ್ಣಗಿರೋವಾಗ್ಲೇ ನೋಡಿಸ್ಬೇಕು."

"ಒದ್ದು ನೋಡಿದ್ರೆ ಗೊತ್ತಾಗುತ್ತಾ?"

"ಒದ್ರೆ ಕಾಲು ನೋಯುತ್ತೆ, ಅಷ್ಟೇ."

ಗಾಳಿ ತುಂಬಿಸಿಕೊಂಡು ಸ್ವಲ್ಪ ದೂರ ಹೋಗುವಷ್ಟರಲ್ಲಿ ದೀಪ ಆರಿತು. ಅವಳು ಲಾಂಡ್ರಿ ತಲುಪಿದಾಗ ಫೋನು ಬಡಿದುಕೊಳ್ಳುತ್ತಿತ್ತು.

"ಗಾಡಿ ಎಲ್ಲೇ? ಯಾರನ್ನ ಕೇಳಿ ತಗೊಂಡು ಹೋದೆ?"

"ಮೊಳೇಲಿ ಸೀಟಿ ಇದೆ, ನೋಡಿ."

ಕೀ ತೆಗೆದ ಮೊಳೆಯಲ್ಲಿ ಸೀಟಿ ಒಂಟಿಯಾಗಿ ತೂಗುತ್ತಿತ್ತು. ಗಾಡಿ ಶುರು ಮಾಡಿ ದೀಪ ನೋಡಿದ ಮೇಲೆ ಅವಳು ಒಂದು ಗಳಿಗೆ ಒಳಗೆ ಬಂದು, ಅದರ ಬಾಯಿಗೆ ಆ ಕಪ್ಪು ಟೇಪನ್ನು ಅಂಟಿಸಿ ಹೋಗಿದ್ದಳು. ಫೋನಿನಲ್ಲಿ ಮಂಚ ಕಿರುಗುಟ್ಟಿದ ಸದ್ದು ಕೇಳಿಸಿತು.

"ಅದು... ಆ ದೀಪ ಕಣ್ಣಿಗೆ ಹೊಡೀತಿತ್ತು ಅಂತ..." ಎಂದರು ಮೇಷ್ಟ್ರು.

ಅವಳು ಫೋನು ಇಟ್ಟಳು. ಮಧ್ಯಾಹ್ನ ಮನೆಗೆ ಬಂದಾಗಲೂ ಸೀಟಿಯ ಬಾಯಲ್ಲಿ ಟೇಪು ಹಾಗೇ ಇತ್ತು. ಕೀಯನ್ನು ಅವಳು ಮೊಳೆಗೆ ಹಾಕಲಿಲ್ಲ, ತನ್ನ ಚೀಲದಲ್ಲೇ ಇಟ್ಟುಕೊಂಡಳು.